ಪಾಳತ

ತನ್ನ ಮೇಲೆ ಸರಕಾರದ ಕಣ್ಣು ಬಿದ್ದಿದೆ ಎಂದು ಮಾರ್ತಾಂಡನಿಗೆ ಖಾತ್ರಿಯಾಗಿ ಅಂದಿಗೆ ಒಂಬತ್ತು ದಿನ. ಈ ಒಂಬತ್ತು ದಿನಗಳಲ್ಲಿ ಅವನು ಎರಡು ಸಲ ಕ್ಷೌರ ಮಾಡಿಸಿಕೊಂಡಿದ್ದ, ಕೋಟಿನಿಂದ ಉದುರಿದ ಗುಂಡಿಯನ್ನು ತಾನೇ ಕೂತು ಹೊಲಿದುಕೊಂಡಿದ್ದ, ಮನೆಯಿಂದ ಹೊರಬೀಳುವಾಗ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು ಬೀದಿಯನ್ನು ಎಡಕ್ಕೂ ಬಲಕ್ಕೂ ನೋಡುವ ಅಭ್ಯಾಸ ಮಾಡಿಕೊಂಡಿದ್ದ. ಹಾಗೆ ನೋಡುವವರು ದೊಡ್ಡ ಕೆಲಸದಲ್ಲಿರುವವರು ಎಂದು ಅವನ ತಿಳಿವಳಿಕೆ. ಬೀದಿಯ ಆಚೆ, ಮುಚ್ಚಿದ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ, ಕರಿಯ ಟೊಪ್ಪಿಗೆಯವನೊಬ್ಬ ದಿನಾ ಇರುತ್ತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ದಪ್ಪ ಮೀಸೆ, ಬಗಲಲ್ಲಿ ಛತ್ರಿ, ಧೋತರದ ಮಡಿಲಲ್ಲಿ ಶೇಂಗಾ. ಮಳೆ ಮುಗಿದು ದಸರೆಯೂ ಮುಗಿದು ಆಕಾಶ ತೊಳೆದಿಟ್ಟ ಹಾಗಿರುವಾಗ ಛತ್ರಿ ಹಿಡಿದು ಕೂತವನು ಪೊಲೀಸನಲ್ಲದೆ ಇನ್ಯಾರು? ಮಾರ್ತಾಂಡ ಕೊರಳಪಟ್ಟಿ ಸರಿಮಾಡಿಕೊಂಡ, ಆ ಕಡೆ ನೋಡದವನ ಹಾಗೆ ನೋಡಿದ, ಮೆಟ್ಟಿಲಿಳಿದ.

ಆ ವರ್ಷದ ಆಗಸ್ಟಿನಲ್ಲಿ, ಎಂದರೆ ನಲವತ್ತೆರಡರ ಆಗಸ್ಟಿನಲ್ಲಿ, ಮುಖಂಡರನ್ನೆಲ್ಲ ಹಿಡಿದು ಒಳಗೆ ಹಾಕಿದ ಮೇಲೆ ಪುಣೆಯ ಪೇಠೆಗಳಲ್ಲಿ ಯೆರವಡಾ ಜೈಲಿನಲ್ಲಿ ಬಳಗದವರು ಯಾರೂ ಇಲ್ಲದ ಮನೆ ಸಿಗುವುದೇ ಕಷ್ಟವಾಗಿತ್ತು. ಮಾರ್ತಾಂಡ ಕಾರಕೂನನಾಗಿದ್ದ ಶಬ್ದಕೋಶದ ಕಚೇರಿಯಲ್ಲಿ ಪಕ್ಕದ ಮೇಜಿನ ಪ್ರಲ್ಹಾದನ ತಮ್ಮ ಒಳಗಿದ್ದ. ಅದಕ್ಕೆ ಪ್ರಲ್ಹಾದ ಅರ್ಧ ತಾಸು ತಡವಾಗಿ ಬಂದರೂ ಯಾರೂ ಏನೂ ಅನ್ನುತ್ತಿರಲಿಲ್ಲ, ಚಹಾ ಮೊದಲು ಅವನ ಮೇಜಿಗೇ ಹೋಗುತ್ತಿತ್ತು. ಮಾರ್ತಾಂಡನ ಕಡೆಯವರು ಯಾರೂ ಎಲ್ಲಿಯೂ ಒಳಗಿರಲಿಲ್ಲ. ಧಾರವಾಡದಲ್ಲಿದ್ದ ಕಾಕಾ ಒಬ್ಬರು ಪೋಸ್ಟ್ ಮಾಸ್ತರಾಗಿದ್ದರು, ಅಷ್ಟೆ. ಅವನು ಹೋದ ವರ್ಷದ ಕಚೇರಿಯ ಫೋಟೋದಲ್ಲಿಯೂ ಪೂರ್ತಿ ಬಂದಿರಲಿಲ್ಲ. ಪ್ರಲ್ಹಾದನ ರುಮಾಲಿನ ಹಿಂದೆ ಅವನ ಒಂದು ಕಿವಿ, ಒಂದು ಕಣ್ಣು, ಅರ್ಧ ಮೀಸೆ ಇದ್ದವು. ಆರು ವರ್ಷದವನಿದ್ದಾಗ ಜೇಜುರಿಗೆ ಹೋಗಿದ್ದು ಅವನಿಗೆ ಇಂದಿಗೂ ನೆನಪು. ಹರಕೆಯಿಂದ ಹುಟ್ಟಿದವನೆಂದು ಮಾರ್ತಾಂಡ ಎಂಬ ಖಂಡೋಬನ ಹೆಸರನ್ನೇ ಇಟ್ಟು, ದರ್ಶನಕ್ಕೆ ಕರೆದುಕೊಂಡು ಹೋಗಿದ್ದ ಅವ್ವ ಗದ್ದಲದಲ್ಲಿ ಅವನ ಕೈ ಬಿಟ್ಟಿದ್ದಳು. ತಲೆಯಿಂದ ಕಾಲಿನವರೆಗೆ ಭಂಡಾರದ ಅರಿಸಿನ ಮೆತ್ತಿ ಹಳದಿಯಾಗಿ ಅವನು ಒಂದು ಮೆಟ್ಟಿಲ ಮೇಲೆ ಕೂತು, ಈಗ ಹುಡುಕಿಕೊಂಡು ಬರುತ್ತಾರೆ, ಬಂದು ಅಪ್ಪಿಕೊಂಡು ಅಳುತ್ತಾರೆ ಎಂದು ಬಹಳ ಹೊತ್ತು ಕಾದ. ಯಾರೂ ಬರಲಿಲ್ಲ. ಕೊನೆಗೆ ತಾನೇ ಇಳಿದು ಛತ್ರಕ್ಕೆ ಹೋದರೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದರು. ಅವ್ವ ಸರಿದು ಜಾಗ ಮಾಡಿ, "ಬಾ, ಕೂಡು, ಕೈ ತೊಳಕೊಂಡೀಯಿಲ್ಲೋ?" ಎಂದಳು. ಅವನು ಇಲ್ಲದ್ದು ಯಾರಿಗೂ ಗೊತ್ತೇ ಆಗಿರಲಿಲ್ಲ.

ಈಗ ಒಬ್ಬ ಮನುಷ್ಯ, ಸರಕಾರದ ಸಂಬಳ ತೆಗೆದುಕೊಂಡು, ಬೇರೆ ಕೆಲಸವೇ ಇಲ್ಲದೆ, ಮಾರ್ತಾಂಡ ಏನು ಮಾಡುತ್ತಾನೆ ಎಂದು ನೋಡುತ್ತ ಕೂತಿದ್ದ. ಭಯವಾಗಬೇಕಿತ್ತು. ಭಯವಾಗುತ್ತದೆ ಎಂದು ಅವನು ಹೆಂಡತಿಗೆ ಹೇಳಿಯೂ ಇದ್ದ. "ಅಂಬಾ, ಎದುರಿನ ಕಟ್ಟಿ ಮ್ಯಾಲೆ ಒಬ್ಬಾಂವ ಕೂಡ್ತಾನ, ನೋಡೀಯೇನು?" ಎಂದು ಊಟದ ನಡುವೆ ತಗ್ಗಿದ ದನಿಯಲ್ಲಿ ಕೇಳಿದಾಗ ಅವಳು ಭಕ್ರಿ ತಟ್ಟುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದ್ದಳು. "ನೋಡೀನಿ," ಎಂದಿದ್ದಳು. "ನನ್ನ ಮ್ಯಾಲೆ ಪಾಳತ ಇಟ್ಟಾರ," ಎಂದು ಅವನು ಹೇಳಿದ್ದಕ್ಕೆ ಅವಳು ಮತ್ತೊಂದಿಷ್ಟು ಹೊತ್ತು ನೋಡಿ, "ಅಯ್ಯ, ಹೌದೇನ್ರೀ," ಎಂದು ಮತ್ತೆ ತಟ್ಟತೊಡಗಿದಳು. ಅವಳ ತುಟಿಯ ಅಂಚಿನಲ್ಲಿ ಏನೋ ಹಾದುಹೋಗಿತ್ತು. ಗಾಬರಿಯಿರಬೇಕೆಂದು ಅವನು ಅಂದುಕೊಂಡಿದ್ದ.

ಪಾಳತ ಎಂಬ ಮಾತು ನಾಲಗೆಯ ತುದಿಯಲ್ಲಿ ಇದ್ದದ್ದಕ್ಕೆ ಬೇರೆಯೇ ಕಾರಣ. ಕಚೇರಿಯ ಯಜಮಾನರಾದ ಅಪ್ಪಾಸಾಹೇಬರು ಮರಾಠಿ ಪಂಡಿತರು. ಪುಣೆ, ಸೊಲ್ಲಾಪುರ, ಬೆಳಗಾವಿಯ ಕಡೆ ಕನ್ನಡ ಮತ್ತು ಮರಾಠಿ ಕೂಡಿ ಆಡುವ ಮಾತನ್ನೆಲ್ಲ ಒಂದು ಕೋಶದಲ್ಲಿ ಕೂಡಿಸುತ್ತೇನೆಂದು ಹನ್ನೊಂದು ವರ್ಷದಿಂದ ಹಟ ಹಿಡಿದವರು. ಒಂದು ಶಬ್ದಕ್ಕೆ ಒಂದು ಚೀಟಿ. ಚೀಟಿಯ ಮುಂದೆ ಅರ್ಥ ಮತ್ತು ಮೂಲ, ಕೆಳಗೆ ಆ ಶಬ್ದವಿರುವ ಒಂದು ವಾಕ್ಯ. ಆ ವಾಕ್ಯ ಪುಸ್ತಕದ್ದಾಗಬಾರದು, ಕಾರಕೂನ ಕೂತು ಹೆಣೆದದ್ದಾಗಬಾರದು; ಹೊರಗಿನ ಮನುಷ್ಯನೊಬ್ಬನ ಬಾಯಿಂದ ಕಿವಿಯಾರೆ ಕೇಳಿದ್ದಾಗಬೇಕು. ಚೀಟಿಯ ಬೆನ್ನ ಮೇಲೆ ಆಡಿದವರ ಹೆಸರು, ಊರು, ದಿನ. 'ಪಾಳತ ಇಡು' ಎಂಬ ಚೀಟಿ ಮಾರ್ತಾಂಡನ ಪಾಲಿಗೆ ಬಂದು ವಾರವಾಗಿತ್ತು. ಅರ್ಥ ಅವನು ಮೊದಲ ದಿನವೇ ಬರೆದಿದ್ದ: ಒಬ್ಬರಿಗೆ ಗೊತ್ತಾಗದ ಹಾಗೆ ಅವರ ಹೋಗುಬರುವಿಕೆಯನ್ನು ಬಿಡದೆ ಗಮನಿಸುತ್ತಿರು. ಹೊಂಚುಹಾಕು ಎಂದು ಬರೆಯಲು ಹೋಗಿ ಹೊಡೆದುಹಾಕಿದ್ದ. ಹೊಂಚುಹಾಕಿದವನು ಕೊನೆಗೆ ಮೈಮೇಲೆ ಹಾರುತ್ತಾನೆ; ಪಾಳತ ಇಟ್ಟವನು ಶೇಂಗಾ ತಿನ್ನುತ್ತ ಕೂತಿರುತ್ತಾನೆ. ಮೂಲ ಮಾತ್ರ ಅವನನ್ನು ನಿದ್ದೆಗೆಡಿಸಿತ್ತು. ಮರಾಠಿಯ ಪಾಳಣೆ, ಅಂದರೆ ಸಾಕುವುದು, ಸಲಹುವುದು, ಕಾಪಾಡುವುದು. ಅದರ ಹಿಂದೆ ಸಂಸ್ಕೃತದ ಪಾಲನ, ಗೋಪಾಲನ ಪಾಲನೆ. ದನ ಮೇಯಿಸುವವನ ಮಾತು, ಕೂಸು ಬೆಳೆಸುವವಳ ಮಾತು, ಅದು ಇಳಿದು ಇಳಿದು ಪೊಲೀಸ್ ಚೌಕಿಯ ಬಾಗಿಲಿಗೆ ಹೇಗೆ ಬಂತು? ಆ ದಾರಿಯನ್ನು ಬರೆಯಿರಿ ಎಂದು ಅಪ್ಪಾಸಾಹೇಬರು ಕೆಂಪು ಮಸಿಯಲ್ಲಿ ಗೀಟು ಎಳೆದಿದ್ದರು.

ವಾಕ್ಯದ ಜಾಗದಲ್ಲಿ ನಿನ್ನೆ ಮಧ್ಯಾಹ್ನ ಮಾರ್ತಾಂಡ 'ಇತ್ತೀಚೆಗೆ ಪೊಲೀಸರು ನನ್ನ ಮೇಲೆ ಪಾಳತ ಇಟ್ಟಾರ' ಎಂದು ಬರೆದು, ಪ್ರಲ್ಹಾದನಿಗೆ ಕಾಣುವ ಹಾಗೆ ಮೇಜಿನ ತುದಿಗೆ ಸರಿಸಿದ. ಪ್ರಲ್ಹಾದ ಓದಿದ. "ಯಾರ ಮ್ಯಾಲೆ, ನಿನ್ನ ಮ್ಯಾಲೇನೋ? ಪೊಲೀಸರಿಗೂ ಮನಿ ಮಠ ಇರ್ತಾವಪ್ಪಾ," ಎಂದು ಇನ್ನೊಂದು ಪಾನು ಮಡಿಚಿ ಬಾಯಿಗಿಟ್ಟುಕೊಂಡ. ಅಪ್ಪಾಸಾಹೇಬರು ಕನ್ನಡಕ ಹಣೆಗೇರಿಸಿ ಚೀಟಿಯ ಬೆನ್ನು ನೋಡಿದರು. "ಕುಣಾಚ್ಯಾ ತೋಂಡಚಂ ಹೇ?" ಇದು ಯಾರ ಬಾಯಿನದು ಎಂಬ ಅವರ ಈ ಪ್ರಶ್ನೆಗೆ ಕಚೇರಿಯಲ್ಲಿ ಎಲ್ಲರೂ ಹೆದರುತ್ತಿದ್ದರು. ತನ್ನದೇ ಎಂದು ಮಾರ್ತಾಂಡ ಒಪ್ಪಿಕೊಂಡ. "ನಿಮ್ಮ ಬಾಯಿ ಲೆಕ್ಕಕ್ಕಿಲ್ಲ ಮಾರ್ತಾಂಡರಾವ್," ಎಂದು ಅವರು ಮರಾಠಿಯಲ್ಲಿ, ಬಹಳ ಮೃದುವಾಗಿಯೇ ಹೇಳಿ ಚೀಟಿಯನ್ನು ಹಿಂದಿರುಗಿಸಿದರು. ನಿಯಮವನ್ನು ಹೇಳಿದ್ದು, ನಿಜ. ಆದರೆ ಪ್ರಲ್ಹಾದ ಪಾನು ಅಗಿಯುವುದನ್ನು ನಿಲ್ಲಿಸಿ ನಕ್ಕ ಸದ್ದು ರಾತ್ರಿಯಿಡೀ ಅವನ ಕಿವಿಯಲ್ಲಿ ಉಳಿದಿತ್ತು.

ಆದ್ದರಿಂದ ಇಂದು ಅವನು ಪರೀಕ್ಷೆ ಮಾಡುವುದೆಂದು ಹೊರಟಿದ್ದ. ಶನಿವಾರ ಪೇಠೆಯ ಕಚೇರಿಗೆ ನೆಟ್ಟಗೆ ಹೋಗದೆ ತುಳಶೀಬಾಗಿನ ಕಡೆ ತಿರುಗಿದ. ಪಾಪ, ಕರಿಯ ಟೊಪ್ಪಿಗೆಯವನಿಗೆ ದಾರಿ ತಪ್ಪಬಾರದೆಂದು ನಿಧಾನವಾಗಿ ನಡೆದ. ಹಿತ್ತಾಳೆ ಪಾತ್ರೆಯ ಅಂಗಡಿಯ ಮುಂದೆ ನಿಂತು ಒಂದು ತಂಬಿಗೆಯ ಬೆಲೆ ಕೇಳಿದ, ಕಾಯಿಪಲ್ಲೆಯ ಮಂಡಯಿಯಲ್ಲಿ ಬದನೆಕಾಯಿ ಎತ್ತಿ ಮೂಸಿದ, ಒಂದು ತಿರುವಿನಲ್ಲಿ ಗೋಡೆಗೆ ಆತುಕೊಂಡು ನೂರು ಎಣಿಸಿದ. ಹಿಂದೆ ಯಾರೂ ಇರಲಿಲ್ಲ. ಇನ್ನೂರು ಎಣಿಸಿದ. ಒಂದು ಹೆಣ್ಣುನಾಯಿ ಬಂದು ಅವನ ಕಾಲು ಮೂಸಿ ಹೋಯಿತು. ಜೇಜುರಿಯ ಆ ಹಳದಿ ಮೆಟ್ಟಿಲು ಅವನ ಕಣ್ಣ ಮುಂದೆ ಬಂತು. ಆ ಮನುಷ್ಯನಿಗೆ ಹುಷಾರಿಲ್ಲದೆ ಇರಬಹುದು, ರಜೆ ಇರಬಹುದು ಎಂದು ನೂರೆಂಟು ಸಮಾಧಾನ ಹೇಳಿಕೊಳ್ಳುತ್ತ ಬಂದ ದಾರಿಯಲ್ಲೇ ಓಡೋಡಿ ಹಿಂದಿರುಗಿ, ಓಣಿಯ ತುದಿಯಿಂದ ಇಣುಕಿದ. ಕರಿಯ ಟೊಪ್ಪಿಗೆ ಕಟ್ಟೆಯ ಮೇಲೇ ಇತ್ತು. ಶೇಂಗಾ ಸುಲಿಯುತ್ತ, ಕಾಲಾಡಿಸುತ್ತ, ಮಾರ್ತಾಂಡನ ಮನೆಯ ಬಾಗಿಲನ್ನು ನೋಡುತ್ತಿತ್ತು. ಆ ಮನೆಯಲ್ಲಿ ಈಗ ಮಾರ್ತಾಂಡ ಇರಲಿಲ್ಲವಲ್ಲ.

ಬಾಗಿಲು ತೆರೆಯಿತು. ಅಂಬಾ ಹೊರಬಂದಳು. ನೀಲಿ ಸೀರೆ, ಕೈಯಲ್ಲಿ ಖಾದಿಯ ಚೀಲ. ಕರಿಯ ಟೊಪ್ಪಿಗೆಯವನು ಮಡಿಲ ಸಿಪ್ಪೆ ಝಾಡಿಸಿ ಎದ್ದ, ಮೂವತ್ತು ಹೆಜ್ಜೆ ಬಿಟ್ಟು ಅವಳ ಹಿಂದೆ ಹೊರಟ. ಮಾರ್ತಾಂಡ ಇನ್ನೊಂದು ಮೂವತ್ತು ಹೆಜ್ಜೆ ಬಿಟ್ಟು ಅವನ ಹಿಂದೆ ಹೊರಟ. ಲಕ್ಷ್ಮೀ ರಸ್ತೆಯ ಜನ ನೋಡಿದ್ದರೆ ಮದುವೆಗೆ ಹೊರಟ ಮೂವರು ಮುನಿಸಿಕೊಂಡು ದೂರ ದೂರ ನಡೆಯುತ್ತಿದ್ದಾರೆ ಎನ್ನುತ್ತಿದ್ದರು. ಹನ್ನೆರಡು ವರ್ಷ ಸಂಸಾರ ಮಾಡಿದ ಹೆಂಡತಿ ಒಬ್ಬಳೇ ಬೀದಿಯಲ್ಲಿ ನಡೆಯುವುದನ್ನು ಅವನು ನೋಡಿದ್ದು ಅದೇ ಮೊದಲು. ಜೊತೆಯಲ್ಲಿ ಹೋಗುವಾಗ ಅವಳು ಯಾವಾಗಲೂ ಹಿಂದೆ ಇರುತ್ತಿದ್ದಳು. ಹಿಂದಿರುವವರನ್ನು ಯಾರು ನೋಡುತ್ತಾರೆ? ಅವಳು ಬೇಗ ಬೇಗ ನಡೆಯುತ್ತಿದ್ದಳು. ಬಲಗೈಯನ್ನು ಗಂಡಸರ ಹಾಗೆ ಬೀಸುತ್ತಿದ್ದಳು. ಬಳೆಗಾರ್ತಿಯೊಬ್ಬಳು ಮರಾಠಿಯಲ್ಲಿ ಏನೋ ಅಂದಳು, ಇವಳು ಅದಕ್ಕಿಂತ ಸಲೀಸಾದ ಮರಾಠಿಯಲ್ಲಿ ಏನೋ ತಿರುಗಿಸಿ ಕೊಟ್ಟಳು, ಇಬ್ಬರೂ ನಕ್ಕರು. ಅಂಬಾಗೆ ಮರಾಠಿ ಬರುವುದಿಲ್ಲವೆಂದು ಮಾರ್ತಾಂಡ ಹನ್ನೆರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಅವಳ ಹೊಳಪಿಗೆ ಅವನಿಗೆ ಒಮ್ಮೆಲೇ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಅವಳು ಚೆಲುವೆ ಎಂದು ಹೊಳೆಯಿತು. ನಾರಾಯಣ ಪೇಠೆಯ ರಂಗೂಬಾಯಿಯ ಮನೆಗೆ ಅವಳು ಹೋದಳು. ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ವಿಧವೆ ರಂಗೂಬಾಯಿ. ಅವಳ ಹತ್ತಿರ ಕೂತು ಪುಡಿ ಕಟ್ಟಿಕೊಡಲು ಹೋಗುತ್ತೇನೆಂದು ಅಂಬಾ ಎಂದೋ ಹೇಳಿದ್ದಳು. ಬಾಗಿಲು ಮುಚ್ಚಿತು. ಕರಿಯ ಟೊಪ್ಪಿಗೆಯವನು ಎದುರಿನ ಬೇವಿನ ಮರದ ಕೆಳಗೆ ಕೂತ.

ಹೋಗಿ ಕೊರಳಪಟ್ಟಿ ಹಿಡಿಯಬೇಕು, ನನ್ನ ಹೆಂಡತಿಯ ಹಿಂದೆ ಯಾಕೆ ಬಿದ್ದೀ ಎಂದು ಕೇಳಬೇಕು ಎಂದುಕೊಳ್ಳುತ್ತಲೇ ಅವನು ಮರದ ಕಡೆ ನಡೆದದ್ದು. ಹತ್ತಿರ ಹೋಗುವ ಹೊತ್ತಿಗೆ ಕೈ ತಾನಾಗಿ ಮುಗಿದಿತ್ತು, ಬಾಯಿ ಮರಾಠಿಯಲ್ಲಿ, "ಒಂದು ಶಬ್ದ ಕೇಳುವುದಿತ್ತು, ನಾನು ಕೋಶದ ಕಚೇರಿಯವನು," ಎನ್ನುತ್ತಿತ್ತು. ಅಂಥ ಬಾಯಿ ಅದು. ಆ ಮನುಷ್ಯ ತಲೆಯೆತ್ತಿ ಮರಾಠಿಯಲ್ಲೇ, "ಗೊತ್ತು, ಮಾರ್ತಾಂಡರಾವ್," ಎಂದ. ಎರಡೇ ಮಾತು ಸಾಕಾಯಿತು. ಆ ಮರಾಠಿ ಕೃಷ್ಣೆಯ ದಂಡೆಯ ಕನ್ನಡ ಸೀಮೆಯಲ್ಲಿ ಹುಟ್ಟಿದ್ದೆಂದು ಹನ್ನೊಂದು ವರ್ಷ ಮಾತನ್ನೇ ಮೂಸಿದ ಮೂಗಿಗೆ ತಿಳಿಯಿತು.

"ಯಾವೂರ್ರೀ ನಿಮ್ಮದು?" ಎಂದು ಮಾರ್ತಾಂಡ ಕನ್ನಡದಲ್ಲಿ ಕೇಳಿದ.

"ಮುದ್ದೇಬಿಹಾಳ ಕಡೀರಿ. ಶಿವಪುತ್ರಪ್ಪ ಅಂತಾರ. ಕೂಡ್ರಿ, ಶೇಂಗಾ ತಗೋರಿ." ಅವನು ಸರಿದು ಜಾಗ ಮಾಡಿದ. "ನಿಮ್ಮನ್ನ ಮೊದಲ ಮೂರು ದಿನ ನೋಡೀನ್ರಿ. ಮನಿ, ಕಚೇರಿ, ಮತ್ತ ಮನಿ. ಗಡಿಯಾರಕ್ಕ ಕೀಲಿ ಕೊಟ್ಟಂಗ. ನಾಕನೇ ದಿನಕ್ಕ ಬಿಟ್ಟಬಿಟ್ಟೆ."

ಬಿಟ್ಟಬಿಟ್ಟೆ. ಹಾಗಾದರೆ ಆಮೇಲಿನ ಆರು ದಿನ ಹೊಸ್ತಿಲ ಮೇಲೆ ನಿಂತದ್ದು, ಎಡಕ್ಕೂ ಬಲಕ್ಕೂ ನೋಡಿದ್ದು, ಎರಡನೆಯ ಸಲದ ಕ್ಷೌರ? ಮಾರ್ತಾಂಡ ಶೇಂಗಾ ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನೇ ಅಗಿದ. ಶಿವಪುತ್ರಪ್ಪ ಒಳಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು, ಆಚೀಚೆ ನೋಡಿ, ಬಿಚ್ಚಿದ. ಒಂದು ಮಗ್ಗುಲಿಗೆ ಮಂಕಾದ ನೀಲಿ ಅಕ್ಷರಗಳಲ್ಲಿ ಸರಕಾರದ ಕಣ್ಣು ತಪ್ಪಿಸಿ ಹೊರಡುವ ಪತ್ರಿಕೆ. ಇನ್ನೊಂದು ಮಗ್ಗುಲಿಗೆ ಪರಾತ, ಪರವಾನಗಿ, ಪಲಂಗ, ಪಲ್ಲಕ್ಕಿ. ಮಾರ್ಜಿನಿನಲ್ಲಿ ಕೆಂಪು ಮಸಿಯ ತಿದ್ದುಪಡಿ. ತನ್ನ ಅಕ್ಷರ ತನಗೆ ಗುರುತು ಹತ್ತುವುದಿಲ್ಲವೇ? ಅದು ಅವನೇ ತಿದ್ದಿದ ಕರಡು. ಯುದ್ಧದಿಂದ ಕಾಗದ ಸಿಗದ ಕಾಲ. ತಿದ್ದಿ ಮುಗಿದ ಕರಡುಗಳನ್ನು ಕಾರಕೂನರು ಒಲೆ ಹೊತ್ತಿಸಲೆಂದು ಶನಿವಾರ ಶನಿವಾರ ಮನೆಗೆ ಒಯ್ಯುತ್ತಿದ್ದರು. ಒಂದು ಮಗ್ಗುಲು ಖಾಲಿಯಿರುವ ಕಾಗದ.

"ಬೆನ್ನ ಮ್ಯಾಲೆ ಕನ್ನಡ ಐತಿ, ಓದಾವ ಬೇಕಂತ ನನ್ನ ತಂದು ಇಲ್ಲಿ ಹಾಕ್ಯಾರ. ನಿಮ್ಮ ಕಚೇರಿ ಆರೂ ಮಂದಿ ಮನಿ ನೋಡಿದೆ. ಐದು ಮನ್ಯಾಗ ರದ್ದಿ ಒಲಿಗೆ ಹೊಕ್ಕೈತಿ. ನಿಮ್ಮ ಮನ್ಯಾಗ ಅಷ್ಟ ಒಲಿ ಹೊತ್ತಸಾಕ ಕಟ್ಟಿಗಿ ಚೆಕ್ಕಿ ಕೊಂಡು ತರ್ತಾರ. ರದ್ದಿ ಇದ್ದವ್ರು ಚೆಕ್ಕಿ ಯಾಕ ಕೊಳ್ಳಬೇಕು, ಹೇಳ್ರಿ?"

ತನ್ನ ಮನೆಯ ಒಲೆ ಯಾವುದರಿಂದ ಹೊತ್ತುತ್ತದೆ ಎಂಬುದು ಮಾರ್ತಾಂಡನಿಗೆ ಗೊತ್ತಿರಲಿಲ್ಲ. ಅಪ್ಪಾಸಾಹೇಬರ ಕೋಶದಲ್ಲಿ ಒಲೆಗೆ ಸಂಬಂಧಪಟ್ಟ ಇಪ್ಪತ್ತಾರು ಶಬ್ದಗಳನ್ನು ಬರೆದವನು ಅವನೇ.

"ನಾಳೆ ಮುಂಜಾನೆ ಹತ್ತಕ್ಕ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ," ಎಂದ ಶಿವಪುತ್ರಪ್ಪ, ರಂಗೂಬಾಯಿಯ ಬಾಗಿಲ ಮೇಲಿನ ಕಣ್ಣು ತೆಗೆಯದೆ. "ನಿಮ್ಮ ಮನೀ ಬಾಯಾರ ಚೀಲಾ ತೆಗಸ್ತಾರ. ಮನೀನೂ ನೋಡ್ತಾರ. ಸಿಕ್ರ ಎರಡ ವರ್ಷ ಅಂತೂ ಒಳಗ."

"ಅದು ನಂದು," ಎಂದ ಮಾರ್ತಾಂಡ. ದನಿ ತನ್ನದಲ್ಲ ಎನ್ನಿಸುವಷ್ಟು ಜೋರಾಗಿತ್ತು. "ರದ್ದಿ ತಂದಾಂವ ನಾನು, ಎಲ್ಲಾ ಮಾಡಿದ್ದೂ ನಾನು. ಆಕಿಗೆ ಏನೂ ಗೊತ್ತಿಲ್ಲ. ನನ್ನ ಹೆಸರು ಬರಕೋರಿ."

ಶಿವಪುತ್ರಪ್ಪ ಮೊದಲ ಸಲ ಬಾಗಿಲನ್ನು ಬಿಟ್ಟು ಅವನ ಕಡೆ ತಿರುಗಿದ. ಆ ನೋಟದಲ್ಲಿ ತಿರಸ್ಕಾರವಿದ್ದಿದ್ದರೆ ಚೆನ್ನಾಗಿತ್ತು. "ಬ್ಯಾಡ್ರಿ ಸರ," ಎಂದು ಅವನು ಕನಿಕರದಿಂದ ಹೇಳಿದ. "ಯಾರೂ ನಂಬೂದಿಲ್ಲ. ನಾನಽ ಮೂರು ದಿನ ನೋಡಿ, ಈ ಮನುಷ್ಯಾನ ಕಡೆ ಏನೂ ಇಲ್ಲ ಅಂತ ಬರದು ಕೊಟ್ಟೀನಿ."

ಸರಕಾರದ ಕಾಗದದಲ್ಲಿ ಹಾಗೆಂದು ಬರೆದಾಗಿತ್ತು. ಇನ್ನು ಮಾರ್ತಾಂಡ ಬೀದಿಯಲ್ಲಿ ನಿಂತು ಕೂಗಿಕೊಂಡರೂ ಪ್ರಯೋಜನವಿರಲಿಲ್ಲ. ನಾಲ್ಕನೆಯ ದಿನ ಬಿಸಿಲಿನಲ್ಲಿ ಕೂತಿದ್ದಾಗ ತಾನು ಸೀನಿ 'ಶಿವ ಶಿವಾ' ಎಂದದ್ದನ್ನು ಕೇಳಿ ಬಾಯಾರು ತಾವಾಗಿ ಮಜ್ಜಿಗೆ ತಂದುಕೊಟ್ಟರೆಂದು, ಕನ್ನಡದಲ್ಲಿ ಊಟ ಆಯಿತೇ ಎಂದು ಕೇಳಿದರೆಂದು ಶಿವಪುತ್ರಪ್ಪ ಹೇಳಿದ. ಪುಣೆಗೆ ಬಂದ ಮೇಲೆ ಹಾಗೆ ಕೇಳಿದವರು ಅವರೊಬ್ಬರೇ. "ಸಣ್ಣಂವ ಇದ್ದಾಗ ನಮ್ಮಪ್ಪ ಎಮ್ಮಿ ಕಾಯಾಕ ಹಚ್ಚಿದ್ದ. ಅದೂ ಹಿಂಗಽ ಇತ್ತು. ಕೂತು ನೋಡೂದು, ಅಷ್ಟ ಕೆಲಸ. ಯಾವ ಎಮ್ಮಿ ಕಾಲು ಎಳೀತೈತಿ, ಯಾವುದು ಮೇಯವಲ್ದು, ಎಲ್ಲಾ ಗೊತ್ತಾಗ್ತೈತಿ. ನೀವು ಶಬ್ದ ಕೇಳಿದ್ರಲ್ಲ, ಯಾವದು?"

"ಪಾಳತ."

ಶಿವಪುತ್ರಪ್ಪ ನಕ್ಕ. ಆಮೇಲೆ ನಗು ಇಳಿದು, "ಹತ್ತು ದಿನ ಒಬ್ಬರ ಮ್ಯಾಲೆ ಪಾಳತ ಇಟ್ರ, ಅವ್ರ ಮ್ಯಾಲೆ ಕೆಟ್ಟದ್ದು ಬರಿಯಾಕ ಕೈ ಬರೂದಿಲ್ರಿ," ಎಂದ. "ಬರದೀನಿ ಅನ್ರಿ. ಹೊಟ್ಟಿಪಾಡು." ರಂಗೂಬಾಯಿಯ ಬಾಗಿಲು ತೆರೆದುಕೊಳ್ಳುತ್ತಿತ್ತು, ಅವನು ಏಳುತ್ತ, ಛತ್ರಿ ಬಗಲಿಗಿಡುತ್ತ, ಮೆಲ್ಲಗೆ ಸೇರಿಸಿದ: "ಅವ್ರ ಎಡಗಾಲಿನ ಚಪ್ಪಲಿ ಉಂಗುಟಾ ಕಿತ್ತು ಎಂಟು ದಿನ ಆತ್ರಿ. ಹುರಿ ಕಟ್ಟಿಕೊಂಡು ನಡೀತಾರ. ಹೊಲಿಸಿ ಕೊಡ್ರಿ."

ಅಂದು ಮಾರ್ತಾಂಡ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಚೇರಿಗೆ ತಡವಾಗಿ ಹೋದ, ಯಾರೂ ಗಮನಿಸಲಿಲ್ಲ. ಅದರಿಂದ ಬೇಸರವಾಗಲಿಲ್ಲ ಎಂಬುದು ಅವನಿಗೆ ಮಧ್ಯಾಹ್ನದ ಚಹಾ ಬಂದಾಗ ಹೊಳೆಯಿತು. ಚೀಟಿಯ ಮೇಲೆ ಶಿವಪುತ್ರಪ್ಪನ ವಾಕ್ಯವನ್ನು ಒಂದಕ್ಷರ ಬಿಡದೆ ಬರೆದ. ಬೆನ್ನ ಮೇಲೆ ಹೆಸರು ಬರೆಯಲು ಲೇಖನಿ ಊರಿ ಹಾಗೇ ಹಿಡಿದುಕೊಂಡು ಕೂತ. ಹೆಸರು ಬರೆದರೆ ಒಬ್ಬ ಮನುಷ್ಯನ ನೌಕರಿ ಹೋಗುತ್ತದೆ. ಬರೆಯದಿದ್ದರೆ ಶಬ್ದ ಹೋಗುತ್ತದೆ. ಕೊನೆಗೆ, 'ಎಮ್ಮೆ ಕಾಯುತ್ತಿದ್ದವರೊಬ್ಬರು, ಮುದ್ದೇಬಿಹಾಳದ ಕಡೆಯವರು' ಎಂದು ಬರೆದು ಒಯ್ದುಕೊಟ್ಟ. ಅಪ್ಪಾಸಾಹೇಬರು ಮುಂದೆ ಓದಿದರು, ಹಿಂದೆ ಓದಿದರು, ಮತ್ತೆ ಮುಂದೆ ಓದಿದರು. "ಅಂದರೆ ಆ ಕಡೆಯ ದನಗಾಹಿಗಳ ಬಾಯಲ್ಲಿ ಇದು ಇನ್ನೂ ಸಲಹುವ ಅರ್ಥದಲ್ಲೇ ಉಳಿದಿದೆ," ಎಂದು ಹಿಗ್ಗಿ ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು, "ಶಾಬ್ಬಾಸ್ ಮಾರ್ತಾಂಡರಾವ್," ಎಂದರು. ಪ್ರಲ್ಹಾದ ತಿರುಗಿ ನೋಡಿದ. ಈ ಶಾಬ್ಬಾಸ್ ಒಂದು ದಿನ ಮುಂಚೆ ಬಂದಿದ್ದರೆ ಮಾರ್ತಾಂಡ ಅದನ್ನು ಮನೆಯವರೆಗೆ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಈಗ ಅವನಿಗೆ ಎಡಗಾಲಿನ ಚಪ್ಪಲಿಯೊಂದೇ ಕಣ್ಣ ಮುಂದಿತ್ತು. ಎಂಟು ದಿನ. ದಿನಾ ಬಾಗಿಲ ಹತ್ತಿರ ಅವನ ಜೋಡಿನ ಪಕ್ಕದಲ್ಲೇ ಆ ಚಪ್ಪಲಿ ಇರುತ್ತಿತ್ತಲ್ಲ.

ಸಂಜೆ ಮನೆಗೆ ಬಂದವನು ಟೊಪ್ಪಿಗೆ ತೆಗೆಯುವ ಮೊದಲು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಚಪ್ಪಲಿ ಎತ್ತಿ ನೋಡಿದ. ಸಣಬಿನ ಹುರಿ, ಎರಡು ಗಂಟು. ಅಡಿಗೆಮನೆಯಿಂದ ಬಂದ ಅಂಬಾ ಅವನನ್ನು ಹಾಗೆ ನೋಡಿ ನಿಂತಳು.

"ರದ್ದಿ ಒಲಿಗೆ ಹಾಕ್ತೀಯೇನು?" ಎಂದು ಅವನು ತಲೆಯೆತ್ತದೆ ಕೇಳಿದ.

ಅವಳು ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. "ಇಲ್ಲ. ಯಾವಾಗ ಗೊತ್ತಾತು?"

"ಇವತ್ತ."

"ಆಗಸ್ಟಿನಿಂದ ದಾರಿ ನೋಡ್ಲಿಕ್ಕೆ ಹತ್ತೀನಿ," ಎಂದಳು ಅಂಬಾ, ಗೋಡೆಗೆ ಆತು ಕೂಡುತ್ತ. "ಇವತ್ತ ಕೇಳ್ತಾರ, ನಾಳೆ ಕೇಳ್ತಾರ ಅಂತ. ರದ್ದಿ ತರ್ರಿ ಅಂದಾಗ ಯಾಕ ಅಂತ ಕೇಳಲಿಲ್ಲ. ಮಧ್ಯಾಹ್ನ ಮನ್ಯಾಗ ಇರೂದಿಲ್ಲ, ರಂಗೂಬಾಯಿ ಮನ್ಯಾಗ ಅಷ್ಟೊತ್ತು ಏನು ಮಾಡ್ತೀ ಅಂತ ಕೇಳಲಿಲ್ಲ. ಬೆರಳಿಗೆ ನೀಲಿ ಮಸಿ ಇರ್ತಿತ್ತು, ಮುಂದ ಹಿಡದು ಬಡಸೀನಿ, ಕೇಳಲಿಲ್ಲ. ಕಡೀಕೆ ಒಂದು ದಿವಸ, ಕಟ್ಟಿ ಮ್ಯಾಲೆ ಒಬ್ಬಾಂವ ಕೂಡ್ತಾನ ಅಂದ್ರಿ. ಅಬ್ಬ, ಕೇಳಿದ್ರಪ್ಪಾ ಅನ್ಕೊಂಡೆ. ಅದರ ಮ್ಯಾಲೆ, ನನ್ನ ಮ್ಯಾಲೆ ಪಾಳತ ಇಟ್ಟಾರ ಅಂದ್ರಿ."

ಅವಳು ನಗಬೇಕೆಂದೇ ಹೇಳಿದ್ದು, ನಕ್ಕಳೂ ಕೂಡ. ಆದರೆ ಕೊನೆಯಲ್ಲಿ ಕಣ್ಣು ಒರೆಸಿಕೊಂಡಳು. ಮೆಟ್ಟಿಲ ಮೇಲೆ ಕೂತು ಕಾಯುವುದು ಏನೆಂದು ಗೊತ್ತಿದ್ದವನು ಈ ಮನೆಯಲ್ಲಿ ತಾನೊಬ್ಬನೇ ಎಂದು ಮಾರ್ತಾಂಡ ಇಷ್ಟು ವರ್ಷ ತಿಳಿದಿದ್ದ. ಹುರಿಯ ಗಂಟನ್ನು ಬಿಚ್ಚುತ್ತ, ನಾಳೆ ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಬರುವುದನ್ನು, ಚೀಲ ತೆಗೆಸುವುದನ್ನು, ಎರಡು ವರ್ಷದ ಮಾತನ್ನು ಹೇಳಿದ. ಅವಳ ಮುಖ ಬಿಳಿಚಿತು. ಹೆದರಿಕೆ ಜೈಲಿನದಲ್ಲ. ಚಟ್ನಿಪುಡಿಯ ಪೊಟ್ಟಣಗಳು ಒಳಕೋಣೆಯಲ್ಲಿ ಸಿದ್ಧವಾಗಿದ್ದವು, ನಲವತ್ತು. ಒಂದೊಂದರೊಳಗೂ ಒಂದೊಂದು ಪತ್ರಿಕೆ. ನಾಳೆ ಹತ್ತರೊಳಗೆ ಲಕಡಿ ಪೂಲು ಸೇತುವೆಯ ಮೇಲೆ ಕೋಥರೂಡದ ಹಾಲಿನವ ಖಾಲಿ ಕೊಡಗಳೊಂದಿಗೆ ನಿಲ್ಲುತ್ತಾನೆ, ಅವನ ಕೈಗೆ ಮುಟ್ಟಬೇಕು. ಮುಟ್ಟದಿದ್ದರೆ ಇಲ್ಲಿಯೇ ಸಿಗುತ್ತವೆ, ಆ ಜಾಡಿನಲ್ಲಿ ರಂಗೂಬಾಯಿಯ ಮನೆಯ ಅಚ್ಚಿನ ಯಂತ್ರವೂ ಸಿಗುತ್ತದೆ.

"ನಾ ಒಯ್ತೀನಿ," ಎಂದ ಮಾರ್ತಾಂಡ.

"ನೀವೇನ್ರೀ?"

"ನನ್ನ ಯಾರೂ ನೋಡೂದಿಲ್ಲ ಅಂಬಾ. ಸರಕಾರನಽ ಬರಕೊಟ್ಟದ." ಜೀವಮಾನದಲ್ಲಿ ಮೊದಲ ಸಲ ಈ ಮಾತನ್ನು ಅವನು ಬೀಗಿಕೊಂಡು ಹೇಳಿದ. ಆ ಸಂಜೆ ಉಳಿದ ರದ್ದಿಯೆಲ್ಲ ಕೊನೆಗೂ ಒಲೆ ಸೇರಿತು. ಪಕಾರದ ಅರ್ಧ ಕೋಶದ ಮೇಲೆ ಅನ್ನ ಬೆಂದಿತು. ಊಟಕ್ಕೆ ಮುಂಚೆ ಅವನು ಓಣಿಯ ತುದಿಯ ಚಮ್ಮಾರನ ಮುಂದೆ ಕೂತು ಉಂಗುಟ ಹೊಲಿಸಿಕೊಂಡು ಬಂದ.

ಮಾರನೆಯ ಬೆಳಿಗ್ಗೆ ಒಂಬತ್ತೂವರೆಗೆ ಎಂದಿನ ಹಾಗೆ ಕೋಟು, ಟೊಪ್ಪಿಗೆ, ಬಗಲಲ್ಲಿ ಕಚೇರಿಯ ಚರ್ಮದ ಚೀಲ. ಚೀಲ ಎಂದಿಗಿಂತ ಉಬ್ಬಿತ್ತು, ಶೇಂಗಾ ಚಟ್ನಿಯ ಘಮ ಬರುತ್ತಿತ್ತು. ಹೊಸ್ತಿಲ ಮೇಲೆ ಅವನು ನಿಲ್ಲಲಿಲ್ಲ. ಗಿರಣಿಯ ಕಟ್ಟೆಯ ಹತ್ತಿರ ಶಿವಪುತ್ರಪ್ಪನ ಜೊತೆ ಬೂಟು ಹಾಕಿದ ಇನ್ನಿಬ್ಬರು ಮುಂಚಿತವಾಗಿಯೇ ಬಂದು ನಿಂತಿದ್ದರು. ಅವರಲ್ಲಿ ದೊಡ್ಡವನು, ಇನ್ಸ್‌ಪೆಕ್ಟರನೇ ಇರಬೇಕು, ಮಾರ್ತಾಂಡನ ಮುಖದ ಮೇಲಿಂದ ಕಣ್ಣು ಹಾಯಿಸಿ, ಅವನ ಬೆನ್ನ ಹಿಂದಿದ್ದ ಮನೆಯ ಬಾಗಿಲಿಗೆ ನೆಟ್ಟ. ಮಾರ್ತಾಂಡ ಅವರ ಮುಂದೆಯೇ, ನಾಲ್ಕು ಮಾರು ದೂರದಲ್ಲಿ, ಹಾದುಹೋದ. ಶಿವಪುತ್ರಪ್ಪ ಚೀಲವನ್ನು ನೋಡಿದ. ಕಾಲೆಳೆಯುವ ಎಮ್ಮೆಯನ್ನು ನೂರರಲ್ಲಿ ಗುರುತು ಹಿಡಿಯುವ ಕಣ್ಣು ಅದು. ಚೀಲದ ತೂಕ ಅದಕ್ಕೆ ತಿಳಿಯದೆ ಇರುತ್ತದೆಯೇ? ಒಂದು ಉಸಿರಿನಷ್ಟು ಹೊತ್ತು ನೋಡಿ, ಶೇಂಗಾದ ಸಿಪ್ಪೆಯನ್ನು ಊದಿ, ಅವನೂ ಬಾಗಿಲ ಕಡೆ ತಿರುಗಿದ.

ಹಿಂದೆ ಬಾಗಿಲು ತೆರೆದ ಸದ್ದಾಯಿತು. ಖಾದಿಯ ಚೀಲ ಹಿಡಿದು ಅಂಬಾ ಹೊರಬಂದಿರಬೇಕು. ಅದರಲ್ಲಿ ಎರಡು ಪೊಟ್ಟಣ ಬರೀ ಚಟ್ನಿಪುಡಿ, ಅವಳ ಕಾಲಲ್ಲಿ ಹೊಲಿಸಿದ ಚಪ್ಪಲಿ. ಬೂಟುಗಳು ರಸ್ತೆ ದಾಟಿದ್ದು ಕೇಳಿಸಿತು. ಮರಾಠಿಯಲ್ಲಿ ಗದರಿದ ದನಿ, ಅದಕ್ಕೆ ಅವಳ ಸಲೀಸಾದ ಮರಾಠಿ. ಮಾರ್ತಾಂಡ ತಿರುಗಿ ನೋಡಲಿಲ್ಲ. ನೋಡಿದರೆ ಅವನೂ ಅವರ ಲೆಕ್ಕಕ್ಕೆ ಬರುತ್ತಿದ್ದ. ಆದರೆ ಬೆನ್ನ ನಡುವೆ, ಕೋಟಿನ ಕೆಳಗೆ, ಒಂದು ಬೆಚ್ಚನೆಯ ಜಾಗ ಹುಟ್ಟಿತು. ಅವಳು ಆ ಗದ್ದಲದ ನಡುವೆ, ಬೂಟಿನವರ ಭುಜದ ಮೇಲಿಂದ, ತನ್ನನ್ನೇ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಎಲ್ಲಿ ಎಡವುತ್ತಾನೋ, ಎಲ್ಲಿ ಹೆದರಿ ಓಡುತ್ತಾನೋ ಎಂದು ಒಂದೊಂದು ಹೆಜ್ಜೆಯನ್ನೂ ಬಿಡದೆ ನೋಡುತ್ತಿದ್ದಾಳೆ. ಅವನು ಓಡಲಿಲ್ಲ. ತಿರುವಿನವರೆಗೆ ನೂರಾ ಹದಿನಾಲ್ಕು ಹೆಜ್ಜೆ. ದಿನಾ ನಡೆದ ದಾರಿ. ಅಷ್ಟನ್ನೂ ಆ ಕಣ್ಣಿನಲ್ಲೇ ನಡೆದು ಅವನು ಲಕಡಿ ಪೂಲಿನ ಕಡೆ ತಿರುಗಿದ.